ಹನ್ನೊಂದು ಬೆಳಗಿನ ಉಮ್ಮ

ನಾನು ಎಣಿಸಲು ಕಲಿತದ್ದು ಉಮ್ಮನ ಕಿವಿಯಲ್ಲಿ. ಬಲಗಿವಿಯ ಅಂಚಿನುದ್ದಕ್ಕೂ ಎಂಟು ತೂತು, ಎಂಟರಲ್ಲೂ ಚಿನ್ನದ ಪುಟ್ಟ ಪುಟ್ಟ ಅಲಿಕತ್ತು. ಅವುಗಳ ಭಾರಕ್ಕೆ ಕಿವಿಯ ಮೇಲಂಚು ಬಾಗಿ ಕೆಳಗೆ ನೋಡುತ್ತಿತ್ತು. ಎಡಗಿವಿಯಲ್ಲಿ ಮಾತ್ರ ಏಳು. ಚಿಕ್ಕಂದಿನಲ್ಲಿ ಚುಚ್ಚಿಸಿದ್ದ ಒಂದು ತೂತು ಕೀವಾಗಿ ಮುಚ್ಚಿಹೋಗಿತ್ತಂತೆ. ಅವಳ ಮಡಿಲಲ್ಲಿ ಕೂತು ಒಂಜಿ, ರಡ್ಡ್, ಮೂಜಿ ಎಂದು ತುಳುವಿನಲ್ಲಿ ಬೆರಳಿಟ್ಟು ಎಣಿಸುತ್ತ ಹೋಗಿ, ಎಡಗಡೆ ಲೆಕ್ಕ ಕಡಿಮೆ ಬಿದ್ದಾಗಲೆಲ್ಲ ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

"ಇನ್ನೊಂದು ಎಲ್ಲಿ ಉಮ್ಮಾ?"

"ಅದು ಅಲ್ಲಾಹನ ಹತ್ತಿರ ಉಂಟು ಮೋನೇ. ಎಲ್ಲ ಕೊಟ್ಟುಬಿಟ್ಟರೆ ಮತ್ತೆ ಕೇಳ್ಲಿಕ್ಕೆ ನಮಗೆ ಎಂತ ಉಳೀತದೆ?"

ಬ್ಯಾರಿ ಭಾಷೆಯಲ್ಲಿ ಉಮ್ಮ ಎಂದರೆ ತಾಯಿ, ಮೋನೇ ಎಂದರೆ ಮಗನೇ. ಆದರೆ ನಾನು ಬ್ಯಾರಿಯವನಲ್ಲ. ಮಂಗಳೂರಿನ ಹೊಯ್ಗೆಬಜಾರಿನಲ್ಲಿ, ನದಿಗೆ ಹತ್ತಿರ, ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವನು. ಹೆತ್ತ ತಾಯಿಯನ್ನು ತುಳುವಿನಲ್ಲಿ ಅಪ್ಪೆ ಎಂದು ಕರೆಯುತ್ತಿದ್ದೆ. ಉಮ್ಮ ನಮ್ಮ ಪಕ್ಕದ ಮನೆಯವಳು. ಅವಳ ಗಂಡನಿಗೆ ಬಂದರಿನಲ್ಲಿ ಅಕ್ಕಿ, ಒಣಮೀನಿನ ವ್ಯಾಪಾರ. ಎರಡು ಮನೆಗಳ ನಡುವೆ ಒಂದು ಗೋಡೆ. ಹಿತ್ತಲಲ್ಲಿ ಆ ಗೋಡೆ ಬಾವಿಯ ತನಕ ಬಂದು ನಿಂತುಬಿಡುತ್ತಿತ್ತು. ಬಾವಿ ಒಂದೇ, ರಾಟೆ ಎರಡು. ನಮ್ಮ ಹಗ್ಗ ನಮಗೆ, ಅವರ ಹಗ್ಗ ಅವರಿಗೆ. ನೀರು ಮಾತ್ರ ಯಾರದ್ದು ಎಂದು ಯಾರೂ ಕೇಳುತ್ತಿರಲಿಲ್ಲ.

ಉಮ್ಮ ನಮ್ಮೊಡನೆ ತುಳುವಿನಲ್ಲೇ ಮಾತಾಡುತ್ತಿದ್ದಳು, ಬ್ಯಾರಿಯ ಎಳೆತ ಸೇರಿದ ತುಳು. ಅದನ್ನು ಇಲ್ಲಿ ನಮ್ಮೂರಿನ ಕನ್ನಡಕ್ಕೆ ತಂದಿದ್ದೇನೆ. ಅವಳ ನಾಲಗೆಯ ಮೇಲೆ ಸದಾ ಇದ್ದ, ದೇವರನ್ನು ಸ್ತುತಿಸುವ ಒಂದು ಮಾತಿಗೆ ಮಾತ್ರ ಯಾವ ಭಾಷೆಯೂ ಬೇಡ. "ಅಲ್‌ಹಮ್ದುಲಿಲ್ಲಾ." ಮಳೆಗಾಲದಲ್ಲಿ ತೇವ ಕುಡಿದ ಬೆಂಕಿಕಡ್ಡಿ ಮೊದಲ ಗೀರಿಗೇ ಹತ್ತಿಕೊಂಡರೆ ಅಲ್‌ಹಮ್ದುಲಿಲ್ಲಾ. ಐದನೆಯದಕ್ಕೆ ಹತ್ತಿಕೊಂಡರೂ ಅಷ್ಟೇ. "ಪೆಟ್ಟಿಗೆಯಲ್ಲಿ ಐದಾದರೂ ಇತ್ತಲ್ಲ" ಎನ್ನುವಳು. ಒಮ್ಮೆ ಕಡ್ಡಿಯೆಲ್ಲ ಮುಗಿದೂ ಒಲೆ ಹತ್ತಲಿಲ್ಲ. ಈಗ ಎಂತ ಹೇಳ್ತಾಳೋ ನೋಡುವ ಎಂದು ನಾನು ಕಾದೆ. ಅವಳು ಗೋಡೆಯಾಚೆ ನಮ್ಮ ಒಲೆಯಿಂದ ಒಂದು ಕೆಂಡ ಕೇಳಿ ಪಡೆದು, "ನಿಮ್ಮ ಒಲೆ ಹತ್ತಿದ್ದೇ ನನ್ನ ಪುಣ್ಯ" ಎಂದು ನಕ್ಕಳು.

ಹಿತ್ತಲಿನ ಒಂದೊಂದು ಗಿಡವನ್ನೂ ಕೊಟ್ಟವರ ಹೆಸರಿನಿಂದಲೇ ಅವಳು ಪರಿಚಯಿಸುತ್ತಿದ್ದದ್ದು. ಇದು ಟೀಚರಮ್ಮನ ಕರಿಬೇವು, ಇದು ಪೋಸ್ಟ್‌ಮ್ಯಾನ್ ತಂದುಕೊಟ್ಟ ಮಲ್ಲಿಗೆ, ಇದು ಅಜ್ಜಿಯ ಬಸಳೆ. ಅಜ್ಜಿ ಎಂದರೆ ನನ್ನ ತಂದೆಯ ತಾಯಿ. ಬಸಳೆ ಕೊಯ್ದ ದಿನ ಗೋಡೆಯ ಮೇಲಿಂದ ಕೂಗು ಬರುತ್ತಿತ್ತು: "ಅಜ್ಜೀ, ಇವತ್ತು ನಿಮ್ಮ ಬಸಳೆ ಪದಾರ್ಥ ಮಾಡ್ತೇನೆ!"

ಅಜ್ಜಿ ಗೊಣಗುತ್ತಿದ್ದಳು. "ಕೊಟ್ಟದ್ದು ಒಂದು ಗೇಣು ಬಳ್ಳಿ. ಹತ್ತು ವರ್ಷ ಆಯಿತು ಮಾರಾಯ, ಇನ್ನೂ ಕೇಳಿಸ್ತಾ ಇದ್ದಾಳೆ. ಕೊಟ್ಟ ತಪ್ಪಿಗೆ ಇನ್ನೆಷ್ಟು ವರ್ಷ?"

ಗೊಣಗುತ್ತಿದ್ದಳು ನಿಜ, ಆದರೆ ಒಂದು ವಾರ ಆ ಕೂಗು ಬರದಿದ್ದರೆ, "ಬಸಳೆಗೆ ಹುಳ ಬಿತ್ತೋ ಏನೋ" ಎಂದು ಗೋಡೆಯ ಕಡೆ ಇಣುಕುವವಳೂ ಅವಳೇ.

ನಮ್ಮ ಅಜ್ಜಿಯದು ಕಟ್ಟುನಿಟ್ಟು. ಬೆಳಿಗ್ಗೆ ಮೀನಿನ ಬುಟ್ಟಿ ತಲೆಗೇರಿಸಿ ಅತ್ತಾವರದ ಮನೆ ಮನೆಗೆ ಹೋದರೆ ಮಧ್ಯಾಹ್ನ ಊಟದ ಹೊತ್ತಿಗೆ ವಾಪಸು. ಊರೆಲ್ಲ ತಿರುಗಿದರೂ ಇಂಥವರ ಮನೆಯಲ್ಲಿ ನೀರು ಕುಡಿಯಬಹುದು, ಇಂಥವರಲ್ಲಿ ಕೂಡದು ಎಂಬ ಪಟ್ಟಿ ಅವಳ ತಲೆಯಲ್ಲಿ ಅಚ್ಚಾಗಿತ್ತು. ಉಮ್ಮನ ಮನೆ ಕೂಡದ ಪಟ್ಟಿಯಲ್ಲಿತ್ತು. ಉಮ್ಮನಿಗೆ ಅದು ಗೊತ್ತು. ತನ್ನ ಜಗಲಿ ಹತ್ತಿದವರು ಏನೂ ತೆಗೆದುಕೊಳ್ಳದೆ ಇಳಿಯಬಾರದು ಎಂಬುದು ಅವಳ ಕಟ್ಟುನಿಟ್ಟು. ಅದಕ್ಕೆ ಅವಳು ಕಂಡುಕೊಂಡ ದಾರಿ ಬಾಳೆಗೊನೆ. ಜಗಲಿಯ ಮೂಲೆಯಲ್ಲಿ ಒಂದು ಗೊನೆ ಯಾವಾಗಲೂ ತೂಗುತ್ತಿತ್ತು. ಹಿಂದೂಗಳು ಬಂದರೆ ಅದರತ್ತ ಕೈ ತೋರಿಸುವಳು. ತಾನು ಮುಟ್ಟಳು. ಬಂದವರೇ ಮುರಿದುಕೊಂಡು ಸುಲಿದು ತಿನ್ನಬೇಕು.

"ನಿನಗೆ ಬೇಜಾರಾಗುವುದಿಲ್ಲವಾ ಉಮ್ಮಾ?" ಎಂದು ಒಮ್ಮೆ ಕೇಳಿದ್ದೆ.

"ಎಂತದಕ್ಕೆ? ಅವರ ಕ್ರಮ ಅವರಿಗೆ. ನನ್ನ ಬಾಳೆಹಣ್ಣಿಗೆ ಅಲ್ಲಾಹು ಸಿಪ್ಪೆ ಕೊಟ್ಟಿದ್ದಾನಲ್ಲ."

ಅಜ್ಜಿ ಆ ಸಿಪ್ಪೆಯ ಹಣ್ಣನ್ನು ಮಾತ್ರ ತಿನ್ನುತ್ತಿದ್ದ ಕಾಲದಲ್ಲೇ, ಅದೇ ಅಜ್ಜಿಯ ಮೊಮ್ಮಗ ಆ ಮನೆಯ ಹಾಲು ಕುಡಿದು ಬೆಳೆದಿದ್ದ. ಆ ಕತೆ ನನಗೆ ಹೇಳಿದ್ದು ಉಮ್ಮ. ನನಗೆ ಆಗ ಆರೋ ಏಳೋ ವರ್ಷ.

ನಾನು ಹುಟ್ಟಿದ ವಾರದಲ್ಲೇ ಅಪ್ಪೆಗೆ ಬಾಣಂತಿ ಜ್ವರ ಏರಿತು. ಎದೆ ಕಲ್ಲಾಯಿತು, ಹಾಲು ಬತ್ತಿತು. ಹಸುವಿನ ಹಾಲು ಕೊಟ್ಟರೆ ನಾನು ಕಾರಿಕೊಳ್ಳುತ್ತಿದ್ದೆ. ತಂದೆ ಕಡಲಿನಲ್ಲಿ, ಅಜ್ಜಿ ಬುಟ್ಟಿ ಹೊತ್ತು ಅತ್ತಾವರದಲ್ಲಿ. ಬೆಳಿಗ್ಗೆಯಿಡೀ ನನ್ನ ಅಳು ಗೋಡೆ ದಾಟಿ ಹೋಗುತ್ತಿತ್ತು. ಉಮ್ಮನ ಮಗಳಿಗೆ ಆಗ ಐದು ತಿಂಗಳು. ಎರಡು ದಿನ ಅಳು ಕೇಳಿದ ಉಮ್ಮ ಮೂರನೆಯ ದಿನ ಗಂಡನ ಒಪ್ಪಿಗೆ ಕೇಳಿ, ಬಾವಿಯ ಬದಿಯಿಂದ ನಮ್ಮ ಹಿತ್ತಲಿಗೆ ಬಂದಳು. ಅಪ್ಪೆ ಮಲಗಿದಲ್ಲಿಂದಲೇ ನನ್ನನ್ನು ಎತ್ತಿ ಕೊಟ್ಟಳಂತೆ. ಇಬ್ಬರೂ ಒಂದು ಮಾತೂ ಆಡಲಿಲ್ಲವಂತೆ. ಹಾಗೆ ಹನ್ನೊಂದು ಬೆಳಿಗ್ಗೆ. ಅಜ್ಜಿ ಮನೆಗೆ ಬರುವ ಮೊದಲು ಉಮ್ಮ ಗೋಡೆಯಾಚೆ. ಆಮೇಲೆ ಅಪ್ಪೆಯ ಜ್ವರ ಇಳಿದು ಹಾಲು ಬಂತು. ಮಗು ಚೇತರಿಸಿಕೊಂಡದ್ದು ತನ್ನ ಕಷಾಯದಿಂದ ಎಂದು ಅಜ್ಜಿ ಸಾಯುವ ತನಕ ನಂಬಿದ್ದಳು. ಆ ಕಷಾಯವನ್ನು ಕೇರಿಯ ಅದೆಷ್ಟೋ ಕೂಸುಗಳಿಗೆ ಕುಡಿಸಿದಳು, ಪಾಪದವು.

"ನೀನು ನನ್ನನ್ನು ಬದುಕಿಸಿದ್ದಾ ಉಮ್ಮಾ?" ಎಂದು ಕೇಳಿದೆ.

"ಛೇ. ನಿನ್ನ ತಂಗಿ... ಅಲ್ಲ, ನಿನಗಿಂತ ದೊಡ್ಡವಳಲ್ಲವಾ, ಅಕ್ಕ. ಅವಳು ಇಷ್ಟಿಷ್ಟೇ ಕುಡಿಯುವವಳು. ನನಗೆ ಎದೆ ಭಾರವಾಗಿ ನೋವು. ನೀನು ಬಂದು ಇಳಿಸಿದೆ. ಉಪಕಾರ ನಿನ್ನದು, ನಿನ್ನ ಅಪ್ಪೆಯದು. ಚೊಚ್ಚಲ ಕೂಸನ್ನು ಇನ್ನೊಬ್ಬಳ ಕೈಗೆ ಯಾರು ಕೊಡ್ತಾರೆ ಹೇಳು?"

ಅದನ್ನು ಅವಳು ವಿನಯಕ್ಕೆ ಹೇಳಿದ್ದಲ್ಲ. ಅವಳಿಗೆ ಲೋಕ ಕಾಣುತ್ತಿದ್ದದ್ದೇ ಆ ಕಡೆಯಿಂದ. ತಾನು ಯಾವಾಗಲೂ ಪಡೆದವಳು, ಎದುರಿನವರು ಕೊಟ್ಟವರು. ನನಗೆ ಈಗಲೂ ಹಾಗೆ ಕಾಣುವುದಿಲ್ಲ. ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಆಗುವುದಿಲ್ಲ.

ಅವರ ಧರ್ಮದಲ್ಲಿ ಒಂದು ಕಟ್ಟಳೆಯುಂಟು. ಎರಡು ವರ್ಷದೊಳಗಿನ ಕೂಸು ಒಬ್ಬ ಹೆಂಗಸಿನ ಹಾಲನ್ನು ಐದು ಸಲ ಹೊಟ್ಟೆ ತುಂಬ ಕುಡಿದರೆ ಅದು ಅವಳ ಮಗುವೇ. ಅವಳ ಮಕ್ಕಳು ಅದಕ್ಕೆ ಒಡಹುಟ್ಟಿದವರೇ. ಗಂಡು ಕೂಸಾದರೆ, ಬೆಳೆದು ದೊಡ್ಡವನಾದ ಮೇಲೂ ಆ ತಾಯಿ ಅವನ ಮುಂದೆ ಮುಖ ಮರೆಸಬೇಕಾಗಿಲ್ಲ. ಹಾಗಾಗಿ ನಾನು ಅವರ ಅಡಿಗೆಮನೆಯ ತನಕ ನುಗ್ಗುತ್ತಿದ್ದೆ. ನನ್ನನ್ನು ಯಾರೂ ತಡೆಯುತ್ತಿರಲಿಲ್ಲ. ಉಮ್ಮ ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟುತ್ತಿದ್ದರೆ ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ಅವಳ ಮಗಳು. ಉಮ್ಮಾ ಎಂದು ನಾನು ಕರೆಯುವುದು ಅಜ್ಜಿಗೆ ವಿಶೇಷವೆನಿಸಲಿಲ್ಲ. ಕೇರಿಯ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದವು.

ನನಗೆ ಹದಿಮೂರು ತುಂಬಿದ ವರ್ಷ ಉಮ್ಮನ ಗಂಡನ ಅಣ್ಣ ಬೊಂಬಾಯಿಯ ವ್ಯಾಪಾರ ಮುಗಿಸಿ, ಹಜ್ಜಿಗೆ ಹೋಗಿ ಬಂದು, ಆ ಮನೆಯಲ್ಲೇ ಉಳಿದರು. ಹಾಜಿಗಳು ಎಂದು ಎಲ್ಲರೂ ಕರೆಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ತೂಕದ ಬಟ್ಟು ಒಂದು ಕಾಳಿನಷ್ಟು ಸವೆದರೂ ಎತ್ತಿಡಿಸುವಷ್ಟು ಶಿಸ್ತಿನವರು. ಮೀಸೆ ಚಿಗುರುತ್ತಿದ್ದ ಪರಧರ್ಮದ ಹುಡುಗ ಸೀದಾ ಅಡಿಗೆಮನೆಗೆ ಹೋಗುವುದನ್ನು ನೋಡಿ ಅವರು ಕೇಳಿದರು.

"ಇವನು ಯಾರು?"

"ನನ್ನ ಹಾಲು ಕುಡಿದ ಮಗ" ಎಂದಳು ಉಮ್ಮ.

"ಐದು ಸಲ ಆಗಿತ್ತಾ? ನೋಡಿದವರು ಯಾರುಂಟು?"

"ಇವನ ಅಪ್ಪೆ ಉಂಟಲ್ಲ."

ಹಾಜಿಗಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಕೇಳಿದ ಹೊತ್ತು. ಮಧ್ಯಾಹ್ನ ಹಿತ್ತಲಿಗೆ ಬಂದು, ಗೋಡೆಯ ಈಚೆ ಮೀನು ಕೊಯ್ಯುತ್ತಿದ್ದ ಅಪ್ಪೆಯನ್ನು ಮರ್ಯಾದೆಯಿಂದಲೇ ಕೇಳಿದರು: "ಅಮ್ಮ, ನಿಮ್ಮ ಮಗ ಕೂಸಿರುವಾಗ ನಮ್ಮ ಮನೆಯವಳ ಹಾಲು ಕುಡಿದದ್ದು ಹೌದಾ?" ಆಗಷ್ಟೇ ಅತ್ತಾವರದಿಂದ ಬಂದ ಅಜ್ಜಿ ಅಪ್ಪೆಯ ಬೆನ್ನ ಹಿಂದೆ ಬುಟ್ಟಿ ತೊಳೆಯುತ್ತಿದ್ದಳು. ನಾನು ಬಾವಿಕಟ್ಟೆಯ ಬಳಿ ನಿಂತಿದ್ದೆ. ಅಪ್ಪೆಯ ಕತ್ತಿ ನಿಂತಿತು. ಅವಳು ಅಜ್ಜಿಯ ಮುಖ ನೋಡಿದಳು.

"ಇಲ್ಲ. ಹಾಗೆ ಎಂತದ್ದೂ ಆಗ್ಲಿಲ್ಲ" ಎಂದಳು. ಮತ್ತೆ ಮೀನು ಕೊಯ್ಯಲು ತೊಡಗಿದಳು.

ಗೋಡೆಯಾಚೆ ಉಮ್ಮ ನಿಂತದ್ದು ನನಗೆ ಕಾಣುತ್ತಿತ್ತು. ಅವಳು ಜಗಳ ತೆಗೆಯಬಹುದಿತ್ತು. ಹನ್ನೊಂದು ಬೆಳಿಗ್ಗೆ ಎಂದು ಕೂಗಿ ಹೇಳಬಹುದಿತ್ತು. ಅವಳು ತಲೆಯ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು ಒಳಗೆ ಹೋದಳು. ಅಂದು ಅಪ್ಪೆಯ ಮೇಲೆ ನನಗೆ ಬಂದ ಸಿಟ್ಟು ಬಹಳ ವರ್ಷ ಇಳಿಯಲಿಲ್ಲ.

ಎರಡು ದಿನ ಕಳೆದು ನಾನು ಅವರ ಬಾಗಿಲ ಹೊರಗೆ ನಿಂತು ಅತ್ತೆ. ಉಮ್ಮ ಬಾಗಿಲ ಹಿಂದಿನಿಂದಲೇ ಮಾತಾಡಿದಳು.

"ಅಳಬೇಡ ಮೋನೇ. ನಾನು ಹಟ ಮಾಡಿದರೆ ನಿನ್ನ ಅಪ್ಪೆ ಸುಳ್ಳು ಹೇಳಿದ್ದು ಅಂತ ಆಗ್ತದೆ. ಅವಳು ಆ ಮನೆಯಲ್ಲಿ ಬಾಳಬೇಕಲ್ಲ. ಅವಳ ಹತ್ತಿರ ನೀನು ಸಹ ಇದನ್ನು ಕೇಳಬಾರದು. ನನ್ನ ಆಣೆ."

ಅದೇ ಸಂಜೆ ಗೋಡೆಯ ಮೇಲಿಂದ ಕೂಗು ಬಂತು. "ಅಜ್ಜೀ, ಇವತ್ತು ನಿಮ್ಮ ಬಸಳೆ!" ಅಪ್ಪೆ ಒಲೆಯ ಮುಂದೆ ಕೂತಿದ್ದವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೊಗೆಗೆ ಎಂದುಕೊಂಡೆ.

ಆಮೇಲೆ ಹನ್ನೆರಡು ವರ್ಷ ನಾನು ಉಮ್ಮನ ಮುಖ ನೋಡಲಿಲ್ಲ. ಪಕ್ಕದ ಮನೆಯಲ್ಲೇ ಇದ್ದೂ ನೋಡಲಿಲ್ಲ. ಅವಳ ಸ್ವರ ಕೇಳುತ್ತಿದ್ದೆ, ಕೈ ನೋಡುತ್ತಿದ್ದೆ. ಬಾಗಿಲ ಸಂದಿನಿಂದ ಚಾಚಿದ ಕೈಯಲ್ಲಿ ಬಿಸಿ ರೊಟ್ಟಿ, ಹಬ್ಬದ ದಿನ ಎರಡು ತುಂಡು ಹಲ್ವ, ನನಗೆ ಕಾಂಪೌಂಡರ್ ಕೆಲಸ ಸಿಕ್ಕಿದ ದಿನ ಒಂದು ಪೆನ್ನು. ಅಜ್ಜಿ ತೀರಿಕೊಂಡಳು. ಇನ್ನು ಅಪ್ಪೆ ಬಾಯಿಬಿಡಬಹುದೆಂದು ನಾನು ಕಾದೆ. ಅಪ್ಪೆ ಬಿಡಲಿಲ್ಲ. ಕೇಳಬಾರದೆಂದು ಆಣೆಯಿತ್ತು, ನಾನು ಕೇಳಲಿಲ್ಲ. ಉಮ್ಮನ ಗಂಡನೂ ತೀರಿಕೊಂಡ ಮೇಲೆ ಆ ಮನೆ ಮಾರಿದರು. ಉಮ್ಮ ಹೊಳೆಯಾಚೆ ತೊಕ್ಕೊಟ್ಟಿನಲ್ಲಿದ್ದ ಮಗಳ ಮನೆಗೆ ಹೋದಳು. ಹಾಜಿಗಳೂ ಜೊತೆಗೆ ಹೋದರು. ಹೋಗುವ ದಿನ ಉಮ್ಮ ಬಸಳೆಯ ಒಂದು ಗೇಣು ಬಳ್ಳಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳಂತೆ.

ಆಗಿನ್ನೂ ನೇತ್ರಾವತಿಗೆ ರಸ್ತೆಯ ಸೇತುವೆ ಆಗಿರಲಿಲ್ಲ. ನನ್ನ ತಂದೆಯೇ ತನ್ನ ದೋಣಿಯಲ್ಲಿ ಅವಳನ್ನು ದಾಟಿಸಿದರು. ದಡ ಮುಟ್ಟಿದ ಮೇಲೆ ಉಮ್ಮ ದೋಣಿಯ ಅಂಚನ್ನು ಕೈಯಿಂದ ತಡವಿ ಅಲ್‌ಹಮ್ದುಲಿಲ್ಲಾ ಎಂದಳಂತೆ. "ನನಗೆ ಹೇಳಿದ್ದೋ ದೋಣಿಗೆ ಹೇಳಿದ್ದೋ ಗೊತ್ತಾಗ್ಲಿಲ್ಲ" ಎಂದು ತಂದೆ ನಗುತ್ತ ಹೇಳಿದರು. ಅಪ್ಪೆ ನಗಲಿಲ್ಲ.

ಸೇತುವೆಯಾಗಿ ಬಸ್ಸು ಓಡಾಡತೊಡಗಿದ ಮೇಲಿನ ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಟಿದ್ದಾಗ ತೊಕ್ಕೊಟ್ಟಿನಿಂದ ಒಬ್ಬರು ಬಂದು ಸುದ್ದಿ ಹೇಳಿದರು. ಉಮ್ಮ ನಸುಕಿನ ಸುಬಹಿ ನಮಾಜು ಮುಗಿಸಿ ಚಾಪೆಯ ಮೇಲೆ ಒರಗಿದವಳು ಏಳಲಿಲ್ಲ. ನಾನು ಅಂಗಿ ಬದಲಿಸಿ ಹೊರಗೆ ಬಂದರೆ ಅಪ್ಪೆ ಬೇರೆ ಸೀರೆ ಉಟ್ಟು ಮೆಟ್ಟಿಲ ಮೇಲೆ ನಿಂತಿದ್ದಳು.

"ನಾನೂ ಬರ್ತೇನೆ" ಎಂದಳು.

ಬಸ್ಸಿನಲ್ಲಿ ನನಗೆ ಒಂದೇ ಯೋಚನೆ. ಗಂಡಸರಲ್ಲಿ ಅವಳ ಮುಖ ನೋಡಬಹುದಾದವರು ಅವಳ ರಕ್ತಸಂಬಂಧಿಗಳು, ಹಾಲಿನ ಮಕ್ಕಳು ಮಾತ್ರ; ನಾನು ಹಾಲಿನ ಮಗನೆನ್ನಲು ಸಾಕ್ಷಿಯಿರಲಿಲ್ಲ. ನಾನು ಅಂಗಳದಲ್ಲಿ ನಿಂತು, ಮುಚ್ಚಿದ ಮಂಚಕ್ಕೆ ಕೈ ಮುಗಿದು ವಾಪಸು ಬರಬೇಕು. ಹನ್ನೆರಡು ವರ್ಷ ನೋಡದ ಮುಖವನ್ನು ಇನ್ನು ನೋಡಲಿಕ್ಕೇ ಇಲ್ಲ.

ಅಂಗಳದಲ್ಲಿ ಬೆಂಚು, ಕುರ್ಚಿ, ಟೊಪ್ಪಿ ಹಾಕಿದ ಗಂಡಸರು. ಜಗಲಿಯಲ್ಲಿ ಹಾಜಿಗಳು ಕೂತಿದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹೆಂಗಸರು ಒಳಗಿದ್ದರು. ಅಪ್ಪೆ ನೇರ ಒಳಗೆ ಹೋಗಬಹುದಿತ್ತು, ಅವಳನ್ನು ಯಾರೂ ತಡೆಯುತ್ತಿರಲಿಲ್ಲ. ನಾನು ಅಂಗಳದ ತೆಂಗಿನ ಮರದ ಬಳಿ ನಿಂತೆ. ಅಪ್ಪೆ ಜಗಲಿ ಹತ್ತಿದಳು, ಹೊಸ್ತಿಲ ತನಕ ಹೋದಳು, ಅಲ್ಲಿಂದ ತಿರುಗಿ ಬಂದು ಹಾಜಿಗಳ ಎದುರು ನಿಂತಳು. ಅಷ್ಟು ಗಂಡಸರ ನಡುವೆ ಅವಳು ಸ್ವರ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹಾಜಿಗಳೇ, ನೀವು ಒಂದು ದಿನ ಒಂದು ಮಾತು ಕೇಳಿದ್ರಿ. ನಾನು ಇಲ್ಲ ಅಂತ ಹೇಳಿದೆ. ಅದು ಸುಳ್ಳು."

ಹಾಜಿಗಳು ಕುರ್ಚಿಯಿಂದ ಎದ್ದರು.

"ಅತ್ತೆ ಹಿಂದೆ ಇದ್ರು. ಹೆದರಿದೆ. ಅವರು ಹೋದ ಮೇಲೆ ನಾಚಿಕೆಯಾಯಿತು. ಇವಳು ಒಂದು ದಿನ ಬಂದು ಯಾಕೆ ಹಾಗೆ ಹೇಳಿದ್ದು ಅಂತ ಕೇಳಿದ್ರೆ ಆಗ್ತಿತ್ತು. ಕೇಳ್ಲಿಲ್ಲ. ಬಸಳೆ, ಬಸಳೆ ಅಂತ ಕೂಗ್ತಾ ಇದ್ಲು."

ಹಾಜಿಗಳು ಮೆಲ್ಲಗೆ, ಕೇಳಲೇಬೇಕಾದದ್ದನ್ನು ಕೇಳಿದರು.

"ಐದು ಸಲ ಆಗಿತ್ತಾ ಅಮ್ಮ?"

"ಐದಾ? ಇಪ್ಪತ್ತೇಳು. ನನ್ನ ಕೂಸು ಇನ್ನೊಬ್ಬಳ ಎದೆಯಲ್ಲಿ ಇರುವಾಗ ನಾನು ಮಲಗಿದಲ್ಲಿ ಮತ್ತೆ ಎಂತ ಮಾಡ್ಲಿ? ಎಣಿಸ್ತಾ ಇದ್ದೆ. ಮೊದಲು ಹೊಟ್ಟೆಕಿಚ್ಚಿಗೆ ಎಣಿಸಿದೆ. ಆಮೇಲೆ, ಇಷ್ಟನ್ನು ಎಲ್ಲಿ ತೀರಿಸುವುದು ಅಂತ ಎಣಿಸಿದೆ. ಹನ್ನೊಂದು ಬೆಳಿಗ್ಗೆ, ಇಪ್ಪತ್ತೇಳು ಸಲ. ಇವನು ಅವಳ ಮಗ. ನೋಡ್ಲಿಕ್ಕೆ ಬಿಡಿ."

ಹಾಜಿಗಳು ಅಂಗಳಕ್ಕೆ ಇಳಿದು ನನ್ನ ಬಳಿ ಬಂದು ಕೈ ಹಿಡಿದರು. "ನಾನು ಕೇಳಿದ್ದು ಕಟ್ಟಳೆಗೆ ಮಗಾ. ನಿನಗೆ ನೋವು ಮಾಡ್ಲಿಕ್ಕೆ ಅಲ್ಲ. ಬಾ, ನಿನ್ನ ಉಮ್ಮ" ಎಂದರು. ಹೊಸ್ತಿಲಿನ ಪರದೆಯನ್ನು ತಾವೇ ಎತ್ತಿ ಹಿಡಿದರು.

ಒಳಗೆ ಹಾಲಿನಕ್ಕ ಕೂತಿದ್ದಳು. ನನ್ನನ್ನು ಕಂಡು ಮುಖ ಮರೆಸಲಿಲ್ಲ. "ಬಾ" ಎಂದು ಪಕ್ಕಕ್ಕೆ ಸರಿದು, ಬಿಳಿ ಬಟ್ಟೆಯನ್ನು ಉಮ್ಮನ ಮುಖದಿಂದ ಕೆಳಗೆ ಸರಿಸಿದಳು. ಉಮ್ಮ ನಾನು ಅಂದುಕೊಂಡದ್ದಕ್ಕಿಂತ ಮುದುಕಿಯಾಗಿದ್ದಳು. ಕಿವಿಯ ಚಿನ್ನವನ್ನೆಲ್ಲ ಬಿಚ್ಚಿಟ್ಟಿದ್ದರು. ಭಾರ ಇಳಿದರೂ ಕಿವಿಯ ಮೇಲಂಚು ಹಾಗೇ ಬಾಗಿತ್ತು. ಖಾಲಿ ತೂತುಗಳು ಸಾಲಾಗಿ ಕಾಣುತ್ತಿದ್ದವು. ಇಪ್ಪತ್ತೈದು ದಾಟಿದ ಗಂಡಸು ನಾನು, ಎಲ್ಲರೆದುರು ಅವನ್ನು ಮನಸ್ಸಿನಲ್ಲೇ ಎಣಿಸಿದೆ. ಎಡಗಡೆ ಏಳೇ ಇತ್ತು.

ಆ ದಿನ ನಾನು ಅವಳ ಮಯ್ಯತ್ತಿನ ಮಂಚಕ್ಕೆ ಹೆಗಲು ಕೊಟ್ಟೆ. ಅವಳ ಋಣ ತೀರಿತೆಂದು ನನಗೆ ಒಂದು ಗಳಿಗೆಯೂ ಅನ್ನಿಸಿಲ್ಲ, ತೀರುವುದು ಬೇಕಾಗಿಯೂ ಇಲ್ಲ. ಈಗಲೂ ಮಳೆಗಾಲದಲ್ಲಿ ಬೆಂಕಿಕಡ್ಡಿ ಮೊದಲ ಗೀರಿಗೆ ಹತ್ತಿಕೊಂಡರೆ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಬಾಯಲ್ಲಿ ಬರುವ ಮಾತು ಅವಳದ್ದೇ.

ದಫನ ಮುಗಿಸಿ ನಾನು ಆ ಮನೆಗೆ ವಾಪಸು ಬರುವಾಗ ಅಪ್ಪೆ ಹಿತ್ತಲಿನಲ್ಲಿ ಒಬ್ಬಳೇ ನಿಂತಿದ್ದಳು. ಅಲ್ಲಿ ಚಪ್ಪರದ ತುಂಬ ನಮ್ಮ ಅಜ್ಜಿಯ ಬಸಳೆ ಹಬ್ಬಿತ್ತು. ಇಬ್ಬರೂ ಬಸ್ಸು ಹತ್ತಿದೆವು. ಸೇತುವೆಯ ನಡುವೆ ಬರುವ ತನಕ ಅವಳು ಹೊಳೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು.

"ಇಷ್ಟು ವರ್ಷ ಅವಳು ಸಿಪ್ಪೆ ಇರುವ ಹಣ್ಣೇ ಕೊಟ್ಟಳು. ಇವತ್ತು ಅವಳ ಮಗಳ ಹತ್ತಿರ ನೀರು ಕೇಳಿದೆ ಮಗಾ. ಅವಳೇ ಎತ್ತಿ ಕೊಟ್ಟಳು. ಎರಡು ಲೋಟ ಕುಡಿದೆ."